ಅಂಚಿನ ಸೂಜಿಗಳು

ಒಳಗೆ ಬಾ ಫುಸಾ, ಬಾಗಿಲು ಹಾಕು.
ಹಾಚಿನೊಹೆಯ ಗಾಳಿಗೆ ನಮ್ಮ ಮೆಟ್ಟಿಲು ಬಾಯಿಪಾಠ.
ಕೈ ತೊಳೆದು ಒರೆಸಿಕೋ. ಬೊಂಡಾಸ್ ಸೀಳಿದ ಕೈ
ನೂಲಿಗೆ ವಾಸನೆ ಹಚ್ಚುತ್ತದೆ, ಗಿರಾಕಿ ಮೂಗು ಮುರಿಯುತ್ತಾರೆ,
ಅವರೂ ಬೊಂಡಾಸ್ ಸೀಳಿಯೇ ಬಂದವರು.

ಇಗೋ ಯಂತ್ರ. ಕೊನೆಯ ಕಂತು ಹೋದ ತಿಂಗಳು ತೀರಿತು,
ಆ ಸಂಜೆ ನನಗೆಂದೇ ಒಂದು ಮೊಟ್ಟೆ ಬೇಯಿಸಿಕೊಂಡೆ.
ಇನ್ನೂರು ಸೂಜಿ. ಒಂದೊಂದಕ್ಕೂ ಒಂದು ಕೊಕ್ಕೆ,
ಕೊಕ್ಕೆಗೊಂದು ನಾಲಿಗೆ.
ನಾಲಿಗೆ ತೆರೆದಿದ್ದರೆ ನೂಲು ಒಳಗೆ ಬರುತ್ತದೆ,
ಹಳೆಯ ಕುಣಿಕೆ ಹಿಂದಿನಿಂದ ಬಂದು
ಅದನ್ನು ಮುಚ್ಚಿ, ಮೇಲೆ ಹಾದು, ಜಾರಿಕೊಳ್ಳುತ್ತದೆ.
ಬಾಯಿ ಮುಚ್ಚಿಕೊಂಡ ಸೂಜಿ ಏನನ್ನೂ ಹಿಡಿಯದು.
ಸದ್ದಿಲ್ಲದೆ ಬಿದ್ದ ಆ ಒಂದು ಕುಣಿಕೆ
ಹತ್ತು ಸಾಲಿನ ಮೇಲೆ ಏಣಿಯಾಗಿ ಕಾಣುತ್ತದೆ.
ಅದಕ್ಕೇ ಮೊದಲು ಬೆರಳಾಡಿಸು, ಎಡದಿಂದ ಬಲಕ್ಕೆ,
ಕುರುಡರು ಮುಖ ಮುಟ್ಟಿ ನೋಡುವ ಹಾಗೆ.

ಬಿದ್ದರೆ ಗಾಬರಿ ಬೇಡ. ಏಣಿಯ ಬುಡಕ್ಕೆ ಕೊಕ್ಕೆ ಹಾಕಿ
ಒಂದೊಂದೇ ಮೆಟ್ಟಿಲು ಹಿಡಿದು ಮೇಲಕ್ಕೆ ತಾ.
ಮೆಟ್ಟಿಲು ಹಾರಬೇಡ, ಅಷ್ಟೆ.

ಉಂಡೆಯ ನೂಲಿಗೆ ಮೇಣದ ತುಂಡು ಸವರು.
ಒಲೆಯ ಮೇಲೆ ಕೆಟಲ್ ಸದಾ ಕುದಿಯುತ್ತಿರಲಿ:
ಈ ಒಣ ಚಳಿಯಲ್ಲಿ ಉಣ್ಣೆಗೆ ಸಿಟ್ಟು ಬರುತ್ತದೆ,
ಚಿಟಚಿಟ ಎಂದು ಬೆರಳಿಗೇ ಅಂಟುತ್ತದೆ.
ಬಿಚ್ಚಿದ ಹಳೆಯ ಸ್ವೆಟರಿನ ನೂಲಾದರೆ
ಆ ಆವಿಗೇ ಹಿಡಿದು, ತುದಿಗೆ ಕಲ್ಲು ಕಟ್ಟಿ ರಾತ್ರಿಯಿಡೀ ತೂಗುಹಾಕು.
ಹಳೆಯ ಮೈಯ ಸುರುಳಿ ಅಷ್ಟು ಸುಲಭಕ್ಕೆ ಮರೆಯುವುದಿಲ್ಲ ಅದು.

ಮಾದರಿ ತುಂಡು ಹೆಣೆಯದೆ ಯಾವುದನ್ನೂ ಶುರುಮಾಡಬೇಡ.
ಹೆಣೆ, ತೊಳೆ, ಒಂದು ರಾತ್ರಿ ಮಲಗಲು ಬಿಡು, ಆಮೇಲೆ ಅಳೆ.
ದೋಣಿಯ ಯಜಮಾನ ಗೊನ್‌ಜೊ ಅವರ ತೋಳಿಲ್ಲದ ಸ್ವೆಟರನ್ನು
ನಾನು ಯಂತ್ರದಲ್ಲಿ ನೇತಾಡುತ್ತಿದ್ದಾಗಲೇ ಅಳೆದಿದ್ದೆ.
ತೂಕದ ಗುಂಡುಗಳು ಎಳೆದ ಉದ್ದ ಅದು, ಸ್ವಂತದ್ದಲ್ಲ.
ಬೆಳಗಾಗುವುದರೊಳಗೆ ಹೊಕ್ಕುಳ ಮೇಲೆ ನಿಂತಿತು.
ಪುಣ್ಯಾತ್ಮ ದುಡ್ಡು ಕೊಟ್ಟೇ ಒಯ್ದರು, ಮಗಳಿಗೆ.
ಈಗಲೂ ಬೀದಿಯಲ್ಲಿ ಸಿಕ್ಕರೆ ಹೊಟ್ಟೆ ಮುಟ್ಟಿ ತೋರಿಸುತ್ತಾರೆ.

ಗಾಡಿ ಎಳೆಯುವಾಗ ಕಿವಿ ಕೊಡು.
ಅಕ್ಕಿ ಸುರಿದಂಥ ಸದ್ದು ಬಂದರೆ ಎಲ್ಲ ಸರಿ.
ಕರ್ ಎಂದರೆ ನಿಲ್ಲು. ಒತ್ತಬೇಡ.
ಒತ್ತಿದರೆ ಬಾಗುವುದು ಗಾಡಿಯಲ್ಲ, ಸೂಜಿ.

ಬಾಗಿದ್ದನ್ನು ಎಸೆಯಬೇಡ. ಹೊಸದು ಸೆಂಡೈನಿಂದ ಬರಬೇಕು, ದುಬಾರಿ.
ಅಂಚಿನಿಂದ ಒಂದು ಒಳ್ಳೆಯ ಸೂಜಿ ಕಿತ್ತು ಇಲ್ಲಿಗೆ ಹಾಕು,
ಬಾಗಿದ್ದನ್ನು ಅಲ್ಲಿಡು. ಅಷ್ಟು ಅಗಲದ ಮೈ ಯಾರಿಗಿದೆ?
ನೋಡು, ನನ್ನವು ಆರಿವೆ, ಆಚೆಗೆ ಮೂರು ಈಚೆಗೆ ಮೂರು.
ಇದು, ಮನೆ ಖಾಲಿ ಮಾಡಿ ಎಂದ ರಾತ್ರಿಯದು.
ಇದು ಕಿಕುಎ ಪಾಠ ಬಿಟ್ಟುಹೋದಾಗ.
ಇದಕ್ಕೆ ಕಾರಣವೇ ನೆನಪಿಲ್ಲ, ಸುಮ್ಮನೆ ಸಿಟ್ಟು.

ಹೋದ ಶರತ್ಕಾಲ, ಬಿಸಿನೀರಿನ ಛತ್ರದವರು
ಹೊದಿಕೆ ಕೇಳಿದರು. ಇನ್ನೂರೂ ಸೂಜಿ ಬೇಕಾಯಿತು.
ಪ್ರತಿ ಸಾಲಿಗೂ ಗಾಡಿ ನಿಲ್ಲಿಸಿ, ಅಂಚಿನ ಆ ಆರು ಕುಣಿಕೆ
ಕೈಯಲ್ಲೇ ಎತ್ತಿ ದಾಟಿಸಿದೆ. ನಾನೂರ ಎಂಬತ್ತು ಸಾಲು.
ಎಲ್ಲವೂ ಒಂದು ದಿನ ಲೆಕ್ಕಕ್ಕೆ ಬರುತ್ತವೆ ಎಂದು
ಹೇಳಹೊರಟಿದ್ದೆ; ಬೇಡ, ನಿನಗೆ ಬೇಕಾದದ್ದು ಹೆಣಿಗೆ.

ಹಾಂ, ಎರಡೂ ಅಂಚಿನ ತೂಕ ಇಪ್ಪತ್ತು ಸಾಲಿಗೊಮ್ಮೆ ಮೇಲಕ್ಕೆ ಸರಿಸು,
ಮರೆತೇ ಬಿಡುತ್ತಾರೆ ಎಲ್ಲರೂ.
ಕೂತುಕೋ. ಬೆನ್ನು ನೆಟ್ಟಗೆ. ಬಿಗಿಯ ಗುಂಡಿ ಏಳಕ್ಕೆ.
ಈಗ ಎಳೆ, ಕೊನೆಯ ಸೂಜಿ ದಾಟುವವರೆಗೂ,
ಅರ್ಧಕ್ಕೆ ತಿರುಗಿಸಬೇಡ.
ಕೇಳಿಸಿತೇ, ಅಕ್ಕಿ?